ನೆಲಕ್ಕಿಳಿದ ಕ್ಯಾಮೆರಾ

ಹಿರೇಗುಂಟನೂರಿನ ಅನುಸೂಯ ಮದುವೆ ವಿಡಿಯೊ ತೆಗೆಯಲು ಶುರುಮಾಡಿ ಹದಿನೆಂಟು ವರ್ಷವಾಯಿತು. ಮೊದಲು ಗಂಡ ಶ್ರೀನಿವಾಸ್ ಜೊತೆ ಲೈಟ್ ಹಿಡಿಯಲು ಹೋಗುತ್ತಿದ್ದಳು. ಅವನಿಗೆ ಬೆನ್ನುನೋವು ಹತ್ತಿಕೊಂಡ ಮೇಲೆ ಕ್ಯಾಮೆರಾ ಇವಳ ಹೆಗಲೇರಿತು, ಅವನು ಕ್ಯಾಮೆರಾದ ಚಿತ್ರಗಳನ್ನು ಬದಲಿಸಿ ಪರದೆಗೆ ಕಳಿಸುವ ಮಿಕ್ಸರ್ ಮುಂದೆ ಕೂತ. ಮಂಟಪದಲ್ಲಿ ಜನ ಮದುಮಗಳನ್ನು ಬಿಟ್ಟು ಇವಳನ್ನೇ ನೋಡುತ್ತಿದ್ದ ಕಾಲ ಅದು. ಇವಳು ತಲೆ ಕೆಡಿಸಿಕೊಳ್ಳಲಿಲ್ಲ. ಧಾರೆಯ ಹೊತ್ತಿಗೆ ಬೇರೆ ವಿಡಿಯೊದವರು ಕುರ್ಚಿ ಹತ್ತಿ ನಿಂತರೆ, ಇವಳು ಮಂಡಿಯೂರಿ ಕೂತು, ನೀರು ಬೀಳುವ ಕೈಗಳ ಮಟ್ಟಕ್ಕೆ ಕ್ಯಾಮೆರಾ ಇಳಿಸುತ್ತಿದ್ದಳು. ಆಮೇಲೆ ಮನೆಯಲ್ಲಿ ವಿಡಿಯೊ ಹಾಕಿದಾಗ, ಆ ಗಳಿಗೆ ಬಂದರೆ ಸಾಕು, ಹೆಣ್ಣಿನ ಕಡೆಯವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಬಿ.ದುರ್ಗದ ಹೊರಗಿನ ಬಯಲಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಬೈಕ್ ರೇಸ್ ಇಟ್ಟರು. ಹಿಂದೆ ಕೂತವರಿಗೂ ಕಾಣಲೆಂದು ದೊಡ್ಡ ಪರದೆ ತರಿಸಿದ್ದರು. ರೇಸ್ ನಡೆಸುತ್ತಿದ್ದ ತಿಪ್ಪೇರುದ್ರಪ್ಪ ಕ್ಯಾಮೆರಾಗೆಂದೇ ಇಪ್ಪತ್ತಡಿ ಎತ್ತರದ ಅಟ್ಟಣೆ ಕಟ್ಟಿಸಿದ್ದರು.

“ಮೇಲೆ ಹತ್ತಮ್ಮ, ಅಲ್ಲಿಂದ ಇಡೀ ಟ್ರ್ಯಾಕ್ ಕಾಣ್ತೈತೆ.”

ಹತ್ತಿದಳು. ಮೊದಲ ಸುತ್ತಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಲ್ಲವೂ ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು. ವೇಗ ಮಾತ್ರ ಕಾಣಲಿಲ್ಲ. “ಇದೇನಪ್ಪ, ಇರುವೆ ಸಾಲು ಹೋದಂಗೆ ಐತೆ!” ಎಂದು ಯಾರೋ ನಕ್ಕರು. ಜನ ಮಂಡಕ್ಕಿ ಮಿರ್ಚಿ ಅಂಗಡಿಯತ್ತ ಹೊರಟರು. ಹೊಸದುರ್ಗದಿಂದ ಬಂದಿದ್ದ ಹೊನ್ನಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರ ಮಗ ಪ್ರಭು ಗ್ಯಾರೇಜಿನ ಕೆಲಸ ಮುಗಿಸಿಕೊಂಡು ರೇಸ್ ಬೈಕ್ ಓಡಿಸುವವನು. ಎಷ್ಟು ದಿಟ್ಟಿಸಿದರೂ ಆ ಚುಕ್ಕೆಗಳಲ್ಲಿ ತನ್ನ ಮಗ ಯಾವುದೆಂದು ಅವರಿಗೆ ತಿಳಿಯಲಿಲ್ಲ.

ಅನುಸೂಯಳಿಗೆ ಮೈಯೆಲ್ಲ ಉರಿದುಹೋಯಿತು. ತಂದಿದ್ದ ಎರಡು ಕ್ಯಾಮೆರಾಗಳಲ್ಲಿ ಒಂದನ್ನು ಅಟ್ಟಣೆಯ ಮೇಲೇ ಬಿಗಿದು, ಇನ್ನೊಂದನ್ನು ಹೊತ್ತು ಕೆಳಗಿಳಿದಳು.

“ರೀ, ಗಾಡಿ ದೂರ ಇದ್ದಾಗ ಮೇಲಿಂದು ತೋರ್ಸ್ರಿ. ತಿರುವಿಗೆ ಬಂದ ತಕ್ಷಣ ನಂದು ಹಾಕ್ರಿ,” ಎಂದು ಗಂಡನಿಗೆ ಹೇಳಿ ಮೂರನೇ ತಿರುವಿನತ್ತ ನಡೆದಳು.

ತಿಪ್ಪೇರುದ್ರಪ್ಪ ಓಡಿಬಂದರು. “ಏನಮ್ಮ ನೀನು! ಅಟ್ಟಣೆ ಕಟ್ಸಿದ್ದು ಯಾಕೆ?”

“ಒಂದು ಸುತ್ತು ನೋಡ್ರಿ ಅಣ್ಣ. ಚೆನ್ನಾಗಿಲ್ಲ ಅಂದ್ರೆ ನಾನೇ ವಾಪಸ್ ಹತ್ತತೀನಿ.”

ತಿರುವಿನಲ್ಲಿ ಹಳೇ ಟೈರುಗಳನ್ನು ಎದೆಮಟ್ಟ ಪೇರಿಸಿದ್ದರು. ಅವುಗಳ ಹಿಂದೆ ಬೋರಲು ಮಲಗಿ, ಸಂದಿಯೊಳಗೆ ಲೆನ್ಸ್ ಇಟ್ಟಳು. ನೆಲದಿಂದ ಒಂದು ಗೇಣು ಎತ್ತರ, ಅಷ್ಟೇ. ಗಾಡಿಗಳು ಬರುವ ಮೊದಲೇ ಹೊಟ್ಟೆಯಡಿಯ ಮಣ್ಣು ಅದುರತೊಡಗಿತು.

ಬಂದವು. ಪರದೆಯ ತುಂಬ ಮುಂದಿನ ಚಕ್ರ, ಚಿಮ್ಮಿದ ಕೆಂಪು ಮಣ್ಣು, ನೆಲಕ್ಕೆ ತಾಗುವಷ್ಟು ವಾಲಿದ ಮೈ. ಕೂತವರು ತಮ್ಮ ಮೇಲೇ ಹಾಯ್ದುಬಂತೆಂದು ಹಿಂದಕ್ಕೆ ಸರಿದರು. ಮಂಡಕ್ಕಿ ತಿನ್ನುತ್ತಿದ್ದವರು ಪೊಟ್ಟಣ ಹಿಡಿದೇ ಓಡಿಬಂದರು. ಕಾಲು ನೆಲಕ್ಕೆ ಚಾಚಿ, ಜಾರುವ ಗಾಡಿಯನ್ನು ಸಂಭಾಳಿಸಿಕೊಂಡು ಪ್ರಭು ತಿರುವು ದಾಟಿದ. ಹೆಲ್ಮೆಟ್ಟಿನೊಳಗಿನ ಎರಡು ಕಣ್ಣು ಒಂದಿಷ್ಟೂ ಅಲುಗಲಿಲ್ಲ.

ಹೊನ್ನಕ್ಕ ಎದ್ದು ನಿಂತರು. “ನನ್ ಮಗ! ಅವ್ನು ನನ್ ಮಗ ಕಣ್ರಿ!” ಅಕ್ಕಪಕ್ಕದವರ ಭುಜ ಹಿಡಿದು ಅಲ್ಲಾಡಿಸಿದರು.

ಪ್ರಭು ಬಂದದ್ದು ಮೂರನೆಯವನಾಗಿ. ಆದರೆ ಜನ ಆ ತಿರುವನ್ನೇ ಮತ್ತೆ ಹಾಕಿರೆಂದು ಕೂಗಿ ನಾಲ್ಕು ಸಲ ನೋಡಿದರು. ಹೊನ್ನಕ್ಕ ಅನುಸೂಯಳನ್ನು ಹುಡುಕಿಕೊಂಡು ಬಂದು, ಅವಳ ಕೆನ್ನೆಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದರು. “ಅವ್ನು ಏನ್ ಮಾಡ್ತಾನೆ ಅಂತ ಇವತ್ತು ಗೊತ್ತಾತು ಕಣಮ್ಮ.”

ಬಹುಮಾನ ಕೊಡುವಾಗ ತಿಪ್ಪೇರುದ್ರಪ್ಪ ಮೈಕಿನಲ್ಲಿ ಅವಳ ಹೆಸರನ್ನು ಊರಿನ ಸಮೇತ ಹೇಳಿದರು. ಚಪ್ಪಾಳೆ ಬಿದ್ದಿತು. ಮಿಕ್ಸರ್ ಮುಂದಿದ್ದ ಶ್ರೀನಿವಾಸ್ ನೋವು ಮರೆತು ಎದ್ದು ನಿಂತು ತಟ್ಟುತ್ತಿದ್ದ.

ಮುಂದಿನ ರೇಸ್ ಹಿರಿಯೂರಿನಲ್ಲಿ. ಟ್ರ್ಯಾಕ್‌ಗೆ ಜೆಸಿಬಿ ಇಳಿಸುವ ಮೊದಲೇ ಅಲ್ಲಿಯವರು ಫೋನ್ ಮಾಡಿದರು. “ಮೇಡಂ, ನೀವು ಬಂದು ಕ್ಯಾಮೆರಾ ಇಡೋ ಜಾಗ ತೋರ್ಸ್ರಿ. ಆಮೇಲೆ ಮಣ್ಣು ಮುಟ್ತೀವಿ.” ಅನುಸೂಯ ಬಯಲನ್ನು ಎರಡು ಸಲ ನಡೆದು ನೋಡಿ, ಮೂರು ಕಡೆ ಸುಣ್ಣದಿಂದ ಗುರುತು ಹಾಕಿ ಬಂದಳು.