ಎಡಗೈಯಲ್ಲಿದ್ದ ಕೈ

ದೆವ್ವ-ಭೂತ ಕಂಡೆವೆನ್ನುವವರ ಎದುರಿಗೇ ನಕ್ಕವನು ನಾನು. ಈಗ ನಗುವುದಿಲ್ಲ, ಹಾಗೆಂದು ನಂಬುತ್ತೇನೆ ಅಂತಲೂ ಅಲ್ಲ. ಈ ಸಂಗತಿಯನ್ನು ಎಷ್ಟೋ ಸಲ ಹೇಳಿ ಹೇಳಿ ಅದರ ಅಂಚು ಸವೆದು ನುಣುಪಾಗಿದೆ. ನುಣುಪು ಕಂಡಲ್ಲೆಲ್ಲ ನನ್ನನ್ನು ನಂಬಬೇಡಿ.

ಯುದ್ಧ ಇನ್ನೂ ಶುರುವಾಗಿರಲಿಲ್ಲ. ಧಾರವಾಡದಿಂದ ಪುಣೆಗೆ ವರ್ಗವಾಗಿ ಬಂದು ಎರಡು ಮಳೆಗಾಲ ಕಳೆದಿದ್ದವು. ಒಂದು ರವಿವಾರ ಟಾಂಗಾ ಮಾಡಿಕೊಂಡು ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಸುಶೀಲೆಯೊಂದಿಗೆ ಖಡಕವಾಸಲಾ ಕೆರೆಗೆ ಹೋದೆ. ದಂಡೆಯ ತುಂಬ ಜನ, ಸುಟ್ಟ ಗೋವಿನಜೋಳದ ತೆನೆಯ ವಾಸನೆ. ಹೊತ್ತು ಇಳಿಯುವವರೆಗೂ ಮಗಳು ನೀರಾಡಿದಳು. ಹೆಂಡತಿ ಚಾಪೆ ಸುತ್ತಿಕೊಂಡು ಮುಂದೆ ನಡೆದಳು. ಮಗಳ ಕೈ ಹಿಡಿದು ನಾನು ಏರಿ ಹತ್ತಿದೆ. ಪುಟ್ಟ, ತೊಯ್ದ, ತಣ್ಣನೆಯ ಕೈ. ಕಲ್ಲು ಬಂದಲ್ಲಿ ನನ್ನ ಬೆರಳನ್ನು ಬಿಗಿಯಾಗಿ ಹಿಡಿಯುತ್ತಿತ್ತು. ನಾನು ಕೆಳಗೆ ನೋಡಲಿಲ್ಲ. ಸ್ವಂತ ಮಗಳ ಕೈಯನ್ನು ಯಾರು ನೋಡುತ್ತಾರೆ?

ಟಾಂಗಾದಲ್ಲಿ ಸುಶೀಲೆ ತಾಯಿಯ ತೊಡೆಯ ಮೇಲೆ ಕೂತು ತೆನೆ ತಿನ್ನುತ್ತಿದ್ದಳು.

ಬೆಚ್ಚಿ ಎಡಗೈ ಕೊಡವಿದೆ. ಆ ಕೈ ತಾನಾಗಿ ಬಿಡಲಿಲ್ಲ, ನಾನೇ ಬಿಡಿಸಿಕೊಂಡೆ. ತಿರುಗಿ ನೋಡಿದರೆ ಏರಿಯ ಮೇಲೆ ಯಾರೂ ಇಲ್ಲ.

"ಯಾವುದೋ ಕೂಸು ನನ್ನ ಜೋಡಿ ಬಂತು," ಎಂದೆ.

ಹೆಂಡತಿ ನಕ್ಕಳು. "ಇಕಿನ್ನ ನಾ ಆಗಳೇ ಎತಿಗೊಂಡು ಬಂದೆನಲ್ರೀ. ಕೈ ಯಾರದಂತ ನೋಡೂದಿಲ್ಲೇನು? ಕಚೇರ್ಯಾಗೂ ಹಿಂಗ ಸಹಿ ಮಾಡ್ತೀರೇನು?"

ಕೆಳಗೆ ಓಡಿದೆ. ಉಳಿದಿದ್ದ ನಾಲ್ಕಾರು ಮಂದಿಯನ್ನು ಕೇಳಿದೆ, ತೆನೆ ಮಾರುವ ಮುದುಕಿಯನ್ನು ಕೇಳಿದೆ. ಯಾರ ಮಗುವೂ ಕಳೆದಿರಲಿಲ್ಲ. ನೀರು ಸುಮ್ಮನಿತ್ತು. ಕೂಗಿ ಕರೆಯಬೇಕು, ಆದರೆ ಏನೆಂದು? ನನ್ನ ಬಾಯಲ್ಲಿದ್ದದ್ದು ಒಂದೇ ಮಗುವಿನ ಹೆಸರು.

"ಸುಶೀ!" ಎಂದು ನೀರಿನ ಕಡೆ ಕೂಗಿದೆ.

"ಅಪ್ಪಾ, ನಾ ಇಲ್ಲೇ ಅದೀನಿ!" ಮಗಳು ಟಾಂಗಾದಿಂದ ಓಗೊಟ್ಟಳು.

ದೀಪ ಹಚ್ಚುವ ಹೊತ್ತಿಗೆ ನೀರಿನ ದಂಡೆಯಲ್ಲಿ ನಮ್ಮ ಮನೆತನದವರು ಮಕ್ಕಳ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೆ ನೀರು ಹೆಸರು ಕಲಿಯುತ್ತದೆ ಎನ್ನುತ್ತಿದ್ದಳು ಅಜ್ಜಿ. ಹೆಂಡತಿಯ ನಗು ನಿಂತಿತ್ತು. ಮಗಳ ಬಾಯಿ ಮುಚ್ಚಿ ಹಿಡಿದಿದ್ದಳು.

"ಕೈ ಮುಗೀತೀನ್ರಿ, ನಮ್ಮ ಹುಡಿಗಿ ಹೆಸರು ತಗೀಬ್ಯಾಡ್ರಿ."

ಅಜ್ಜಿಯ ಆ ಮಾತಿಗೂ ನಕ್ಕವನೇ ನಾನು. ಆದರೂ ಇನ್ನೊಮ್ಮೆ ಕೂಗಲು ಬಾಯಿ ಬರಲಿಲ್ಲ. "ಚಲಾ ಸಾಹೇಬ, ಅಂಧಾರ ಪಡತೋಯ್," ಎಂದು ಟಾಂಗಾದವನು ಕತ್ತಲೆಯನ್ನು ನೆನಪಿಸಿದ. ಹೋಗಿ ಕೂತೆ.

ಹೆಂಡತಿ ಇಂದಿಗೂ ಹೇಳುವುದೇ ಬೇರೆ. ಏರಿ ಹತ್ತುವಾಗ ನನ್ನ ಎರಡೂ ಕೈ ತುಂಬಿದ್ದವಂತೆ: ಬಲಗೈಯಲ್ಲಿ ಬುತ್ತಿಯ ಡಬ್ಬಿ, ಎಡಗೈಯಲ್ಲಿ ಚಪ್ಪಲಿ. ಇರಬಹುದು. ಮನೆಗೆ ಬಂದಾಗ ಎರಡೂ ಇದ್ದವು. ಅವಳ ನೆನಪೇ ನಿಜವಾದರೆ ನಾನು ಯಾರನ್ನೂ ಬಿಟ್ಟು ಬಂದಿಲ್ಲ. ಒಪ್ಪಿಕೊಳ್ಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಆದರೆ ಕಲ್ಲು ಬಂದಲ್ಲಿ ಚಪ್ಪಲಿ ಬೆರಳನ್ನು ಬಿಗಿಯಾಗಿ ಹಿಡಿಯುವುದಿಲ್ಲ.