ಎಳೆಯಬಾರದು, ಎತ್ತಬೇಕು

ನನ್ನ ಅಪ್ಪ ಜೀವಮಾನದಲ್ಲಿ ಏನನ್ನಾದರೂ ಮೃದುವಾಗಿ ಮುಟ್ಟಿದ್ದರೆ ಅದು ಅವರ ಫೈಬರ್ ದೋಣಿಯನ್ನು. ತಮಾಷೆಗೆ ಹೇಳುತ್ತಿಲ್ಲ. ಸಂಜೆ ದೋಣಿ ದಡ ಸೇರಿದ ಮೇಲೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅದರ ಹೊಟ್ಟೆಯನ್ನು ಮೂತಿಯಿಂದ ಹಿಂದಿನವರೆಗೆ ಅಂಗೈಯಲ್ಲಿ ಸವರುತ್ತಿದ್ದರು. ಕೈಗೆ ಏನೂ ತಾಗದಿದ್ದರೆ "ಒಂದು ಗೀರೂ ಇಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಏಳುತ್ತಿದ್ದರು. ಅಷ್ಟು ಅಕ್ಕರೆಯ ದನಿಯಲ್ಲಿ ಅವರು ನನ್ನನ್ನಾಗಲಿ ಅಮ್ಮನನ್ನಾಗಲಿ ಕರೆದದ್ದು ನನಗೆ ನೆನಪಿಲ್ಲ.

ನಮ್ಮ ಮನೆ ಬಂಟ್ವಾಳದಲ್ಲಿ, ನೇತ್ರಾವತಿಯ ಬದಿಗೇ. ಅಪ್ಪ ಹೊಳೆಯಲ್ಲಿ ಬಲೆ ಹಾಕಿ ಮೀನು ಹಿಡಿಯುತ್ತಿದ್ದರು. ಮೊದಲು ಮರದ ದೋಣಿ ಇತ್ತು. ಅದನ್ನು ಹೊಯಿಗೆಯ, ಅಂದರೆ ಮರಳಿನ ಮೇಲೆ ಎಳೆದರೂ, ಕಲ್ಲಿನ ಮೇಲೆ ಎಳೆದರೂ ಸಹಿಸಿಕೊಳ್ಳುತ್ತಿತ್ತು. ಅದು ಹಳತಾಗಿ ನೀರು ಕುಡಿಯಲು ತೊಡಗಿದ ಮೇಲೆ ಉಳ್ಳಾಲದ ಕಡೆಯಿಂದ ಫೈಬರ್ ದೋಣಿ ತಂದರು. ಮಾರಿದವರು ಹೇಳಿಕೊಟ್ಟದ್ದು ಒಂದೇ ಮಾತು: ಎಳೆಯಬಾರದು, ಎತ್ತಬೇಕು. ಎಳೆದರೆ ಮೇಲಿನ ನುಣುಪು ಪದರ ಗೀರಿ ಹೋಗುತ್ತದೆ, ಗೀರಿನಿಂದ ಒಳಗಿನ ನಾರಿಗೆ ನೀರು ಇಳಿಯುತ್ತದೆ, ಆಮೇಲೆ ದೋಣಿ ಒಳಗಿಂದೊಳಗೇ ಹಾಳಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಅಪ್ಪ ಈ ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡರು. ದಡ ಹತ್ತಿರವಾದಾಗ ಇಂಜಿನ್ ನಿಲ್ಲಿಸಿ ಮೇಲಕ್ಕೆ ಎತ್ತಿಡಬೇಕು. ದೋಣಿಯ ಮೂತಿ ದಡಕ್ಕೆ ನೇರ ಇರಬೇಕು, ಅಡ್ಡ ತಿರುಗಬಾರದು. ನೀರಿನಲ್ಲಿ ತೇಲುತ್ತಿರುವಾಗಲೇ ಬಲೆ, ಮೀನಿನ ಬುಟ್ಟಿ, ಒಳಗೆ ನಿಂತ ನೀರು ಎಲ್ಲ ಖಾಲಿ ಮಾಡಿ ಹಗುರ ಮಾಡಬೇಕು. ಆಮೇಲೆ ದಡದಲ್ಲಿ ಸಾಲಾಗಿಟ್ಟ ಬಾಳೆದಿಂಡುಗಳ ಮೇಲೆ ಎತ್ತಿ ಎತ್ತಿ ಇಡುತ್ತ ಮೇಲೆ ತರಬೇಕು. ಬಾಳೆದಿಂಡಿಗೆ ಹೊಯಿಗೆ ಅಂಟಿದ್ದರೆ ಅದನ್ನೂ ತೊಳೆಸುತ್ತಿದ್ದರು. ತೊಳೆಯುವವಳು ಅಮ್ಮ.

ನಿಜವಾದ ತಾಪತ್ರಯ ಪಾದೆಯದ್ದು. ನಾವು ದೋಣಿ ಹತ್ತಿಸುವ ಜಾಗದ ಎಡಕ್ಕೆ ಒಂದು ಕರಿಪಾದೆ, ದೊಡ್ಡ ಬಂಡೆ, ನೀರಿನೊಳಗೆ ಚಾಚಿಕೊಂಡಿದೆ. ಹೊಯಿಗೆ ತೆಗೆಯುವವರು ತೆಗೆದು ತೆಗೆದು ಅದರ ಹಲ್ಲುಗಳೆಲ್ಲ ಹೊರಗೆ ಬಂದಿದ್ದವು. ಮೂತಿ ದಡಕ್ಕೆ ತಾಗುವ ಹೊತ್ತಿಗೆ ಹೊಳೆಯ ಸೆಳೆತ ದೋಣಿಯ ಹಿಂಭಾಗವನ್ನು ಸರಿಯಾಗಿ ಅಲ್ಲಿಗೇ ತಳ್ಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪಾದೆಗೆ ಒಂದು ಹಳೆಯ ಟಯರ್ ಕಟ್ಟುತ್ತಿದ್ದರು. ನೆರೆಮನೆಯ ಬ್ಯಾರಿ ಕಾಕ ಒಂದು ಲಾರಿ ಟಯರ್ ಉರುಳಿಸಿಕೊಂಡೇ ಬಂದಿದ್ದರು.

"ಟಯರ್ ತಾಗಿದ್ರೆ ದೋಣಿಗೆ ಕಪ್ಪು ಹಿಡೀತದೆ" ಎಂದರು ಅಪ್ಪ. ದೋಣಿ ಬಿಳಿ ಬಣ್ಣದ್ದು.

"ದೋಣಿಯಾ, ಮದುಮಗನಾ ಮಾರಾಯ್ರೆ?" ಎಂದು ನಕ್ಕು ಕಾಕ ಟಯರನ್ನು ವಾಪಸು ಉರುಳಿಸಿಕೊಂಡು ಹೋದರು.

ಟಯರ್ ಇರಬೇಕಾದ ಜಾಗದಲ್ಲಿ ಅಮ್ಮ ನಿಂತಳು. ಇಂಜಿನ್ನಿನ ಸದ್ದು ಕೇಳಿದ ಕೂಡಲೇ ಒಲೆ ಆರಿಸಿ ಇಳಿಯುತ್ತಿದ್ದಳು. ಕೈಬಳೆ ತೆಗೆದು ದಡದ ಕಲ್ಲಿನ ಮೇಲಿಡುತ್ತಿದ್ದಳು, ಯಾಕೆಂದರೆ ಬಳೆ ತಾಗಿದರೂ ಗೀರು ಬೀಳುತ್ತದೆ. ಗಂಡ ದಡಕ್ಕೆ ಬರುವ ಹೊತ್ತಿಗೆ ಬಳೆ ಕಳಚುವ ಹೆಂಗಸನ್ನು ಕಂಡು ಬಟ್ಟೆ ಒಗೆಯಲು ಬಂದವರು ಮುಖ ತಿರುಗಿಸುತ್ತಿದ್ದರು. ಅಮ್ಮ ನೈಟಿಯ ಮೇಲೆ ಬೈರಾಸು ಟವೆಲು ಬಿಗಿದು, ಸೊಂಟದ ಮಟ್ಟದ ನೀರಿನಲ್ಲಿ ಪಾದೆಗೆ ಬೆನ್ನು ಕೊಟ್ಟು ನಿಂತು, ಬಂದ ದೋಣಿಯನ್ನು ಸೊಂಟದಲ್ಲಿ ತಡೆಯುತ್ತಿದ್ದಳು. ದೋಣಿಗೆ ಹಿಡಿಯಬೇಕಾದ ಕಪ್ಪು ಅವಳ ಸೊಂಟಕ್ಕೆ ಹಿಡಿಯಿತು. ಸ್ನಾನ ಮಾಡಿ ಬಂದವಳಿಗೆ ನಾನು ಎಣ್ಣೆ ಹಚ್ಚುತ್ತಿದ್ದೆ. ಆ ದೋಣಿ ಒಡೆದು ಹೋಳಾಗಲಿ ಎಂದು ದೇವರಿಗೆ ಕೈಮುಗಿದದ್ದೂ ಉಂಟು.

ನಾನು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ಕಾಲ. ಒಂದು ಮಳೆಗಾಲದಲ್ಲಿ ರಜೆಗೆ ಬಂದಿದ್ದೆ. ಹೊಳೆ ಕೆಂಪಾಗಿತ್ತು, ಸೆಳೆತ ಜೋರಿತ್ತು. ದೋಣಿಯ ಹಿಂಭಾಗ ಒಮ್ಮೆಲೇ ತಿರುಗಿತು. "ಹಿಡಿ" ಎಂದರು ಅಪ್ಪ. ಅಮ್ಮನ ಕಾಲು ಪಾಚಿಯಲ್ಲಿ ಜಾರಿತು. ಜಾರಿದವಳು ಪಕ್ಕಕ್ಕೆ ಸರಿಯಬಹುದಿತ್ತು, ಸರಿಯಲಿಲ್ಲ. ದೋಣಿಗೂ ಪಾದೆಗೂ ನಡುವೆ ಅವಳು ಸಿಕ್ಕಿಕೊಂಡಾಗ ಬಂದ ಸದ್ದು ದಡದಲ್ಲಿದ್ದ ನನಗೆ ಕೇಳಿತು.

ಅಪ್ಪ ನೀರಿಗೆ ಹಾರಿ ದೋಣಿಯನ್ನು ಆಚೆ ತಳ್ಳಿದರು. ಅಮ್ಮ ಪಾದೆಯನ್ನು ತಬ್ಬಿಕೊಂಡು ಕುತ್ತಿಗೆಯವರೆಗೆ ನೀರಿನಲ್ಲಿ ಕುಸಿದಿದ್ದಳು. ಅಪ್ಪ ಅವಳ ಪಕ್ಕದಲ್ಲೇ ಬಗ್ಗಿ, ನೀರಿನೊಳಗೆ ಕೈ ಹಾಕಿ, ದೋಣಿಯ ಹೊಟ್ಟೆ ಸವರಿದರು.

"ಬಚಾವ್. ಒಂದು ಗೀರೂ ಇಲ್ಲ."

"ಅಮ್ಮನ ಸೊಂಟ ಹೋಗಿದೆ" ಎಂದೆ.

"ಎಲುಬು ಕೂಡ್ತದೆ. ಫೈಬರಿಗೆ ತೇಪೆ ಹಾಕಿದ್ರೆ ಅದು ತೇಪೆಯೇ."

ಎಲುಬು ಕೂಡಿತು, ವಕ್ರವಾಗಿ. ಅವಳು ಎದ್ದು ಓಡಾಡುವವರೆಗೆ ಅಪ್ಪ ದೋಣಿ ಇಳಿಸಲಿಲ್ಲ. ಹೆಂಡತಿಯ ಮೇಲಿನ ಕನಿಕರದಿಂದಲ್ಲ, ಪಾದೆಯ ಹತ್ತಿರ ನಿಲ್ಲುವವರಿಲ್ಲದೆ. ಮುಂದಿನ ರಜೆಯಲ್ಲಿ ನನ್ನನ್ನು ನೋಡಿ "ಇವತ್ತಿನಿಂದ ನೀನು ನಿಲ್ಲು" ಎಂದರು. ಆ ಸಂಜೆ ನಾನು ಹೊಳೆಗೆ ಇಳಿಯುವಷ್ಟರಲ್ಲಿ ಕಲ್ಲಿನ ಮೇಲೆ ಬಳೆಗಳಿದ್ದವು. ಅಮ್ಮ ಕುಂಟಿಕೊಂಡೇ ಹೋಗಿ ಪಾದೆಗೆ ಒರಗಿ ನಿಂತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ನಾನು ಇರುವುದು ಬೆಳ್ತಂಗಡಿಯಲ್ಲಿ, ಗಂಡನ ಮನೆಯಲ್ಲಿ. ಕಳೆದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಕಣ್ಣು ಕಿವಿ ಚುರುಕಾಗಿಯೇ ಇವೆ. ಚಾವಡಿಯ ಮಂಚದಲ್ಲಿ ಮಲಗಿದರೆ ಅಂಗಳದಲ್ಲಿ ಬೋರಲು ಹಾಕಿದ ದೋಣಿ ಕಾಣುತ್ತದೆ. ಅದರ ಹೊಟ್ಟೆ ಈಗಲೂ ಬೆಣ್ಣೆಯ ಹಾಗೆ ನುಣ್ಣಗಿದೆ.

ಮೊನ್ನೆ ನಾನು ಹೋಗಿದ್ದಾಗ ಆರೋಗ್ಯ ಕೇಂದ್ರದ ಸಿಸ್ಟರ್ ಬಂದಿದ್ದರು. ಅಪ್ಪನ ಬೆನ್ನು ನೋಡಿ ಅಮ್ಮನಿಗೆ ಹೇಳಿದರು: "ಮಗ್ಗುಲು ಬದಲಿಸುವಾಗ ಎಳೆಯಬಾರದು ಅಮ್ಮ, ಎತ್ತಬೇಕು. ಎಳೆದ್ರೆ ಚರ್ಮ ಕಿತ್ತು ಬರ್ತದೆ. ಒಳಗೆ ಹುಣ್ಣಾದ್ರೆ ಮೇಲಿಂದ ಗೊತ್ತಾಗುವುದಿಲ್ಲ."

ಅಮ್ಮ ಒಮ್ಮೆ ಅಂಗಳದ ದೋಣಿಯ ಕಡೆ ನೋಡಿದಳು.

"ಎತ್ತಲಿಕ್ಕೆ ನನಗೆ ಸೊಂಟ ಇಲ್ಲ ಸಿಸ್ಟರ್" ಎಂದಳು. ಸುಳ್ಳಲ್ಲ. ಸಿಸ್ಟರ್ ಮುಲಾಮು ಕೊಟ್ಟು ಹೋದರು.

ಮಧ್ಯಾಹ್ನ ಮಗ್ಗುಲು ಬದಲಿಸುವ ಹೊತ್ತಾಯಿತು. "ನಾನು ಆಚೆ ಬದಿ ಹಿಡೀತೇನೆ, ಇಬ್ಬರೂ ಎತ್ತುವ" ಎಂದು ಎದ್ದೆ.

"ನೀನು ಅಲ್ಲೇ ನಿಲ್ಲು" ಎಂದಳು ಅಮ್ಮ. ನಾನು ನಿಂತೆ. ಸಂಕಟವಾಗಲಿಲ್ಲ ಎಂದರೆ ಸುಳ್ಳು. ಒಳಗೆಲ್ಲೋ ತಣ್ಣಗಾಯಿತು ಎಂಬುದೂ ಅಷ್ಟೇ ನಿಜ.

ಅವಳು ಅಪ್ಪನ ಭುಜಕ್ಕೆ ಕೈ ಹಾಕಿ ತನ್ನ ಕಡೆಗೆ ಎಳೆದಳು. ನಿಧಾನವಾಗಿ, ಹಾಸಿಗೆಗೆ ಒರೆಸಿದ ಹಾಗೆ. ಅಪ್ಪನ ಬಾಯಿಂದ ಒಂದು ಸ್ವರ ಹೊರಟಿತು. ಕಣ್ಣು ಅಂಗಳದ ಕಡೆಗಿತ್ತು. ಅಮ್ಮ ಅಂಗಿ ಸರಿಸಿ ಬೆನ್ನನ್ನು ಕುತ್ತಿಗೆಯಿಂದ ಸೊಂಟದವರೆಗೆ ಅಂಗೈಯಲ್ಲಿ ಸವರಿದಳು. ಅವಳ ಕೈಯಲ್ಲಿ ಬಳೆಗಳಿದ್ದವು. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಗ್ಗಿ, ಅವರಿಗೆ ಕೇಳುವ ಹಾಗೆ ಹೇಳಿದಳು:

"ಗೀರು ಉಂಟು."