ಗಿರಿಜಾಳ ಕೈಗುಣ

ಆ ಕಂಪ್ಯೂಟರನ್ನು ಸುಟ್ಟವಳು ನಾನು. ಗಿರಿಜಾ ಅಲ್ಲ. ಅವಳು ಸ್ವಿಚ್ ಒತ್ತುವ ಎರಡು ತಾಸು ಮೊದಲೇ ಅದು ಸತ್ತಿತ್ತು — ನನಗೆ ಗೊತ್ತಿತ್ತು — ಗೊತ್ತಿದ್ದೂ ಅವಳ ಕೈಯಿಂದಲೇ ಒತ್ತಿಸಿದೆ. ಇಷ್ಟು ವರ್ಷ ಯಾರ ಮುಂದೆಯೂ ಇದನ್ನು ಬಾಯಿಬಿಟ್ಟಿಲ್ಲ. ಅವ್ವನಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ರಾಣೆಬೆನ್ನೂರಿನಲ್ಲಿ ನಾವಿಬ್ಬರೂ ಬಿ.ಎಸ್ಸಿ. ಕೊನೆಯ ವರ್ಷ. ನಮ್ಮ ಮನೆ ಊರೊಳಗೇ. ಗಿರಿಜಾ ದಿನಾ ಬ್ಯಾಡಗಿಯಿಂದ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದಳು. ಇಬ್ಬರಿಗೂ ಕಾರು ಓಡಿಸುವ ಗೇಮಿನ ಹುಚ್ಚು. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಗೆ ಒಮ್ಮೆ ಹೋದರೆ, ಅಲ್ಲಿದ್ದ ಹುಡುಗರೆಲ್ಲ ತಮ್ಮ ಆಟ ಬಿಟ್ಟು ನಮ್ಮನ್ನೇ ನೋಡುತ್ತ ಕೂತರು. ಹೊರಗೆ ಬಂದವಳೇ ಗಿರಿಜಾ ಅಂದಳು, "ಇವರ ಹಂಗ್ಯಾಕ ನಮಗ? ನಾವ ಒಂದು ಕೂಡಿಸೂಣು ತಗೋ."

ಕೂಡಿಸಿದೆವು! ಅವಳ ಸೋದರಮಾವನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರು, ಹಾವೇರಿಯ ನಮ್ಮ ಅಕ್ಕನ ಮನೆಯಿಂದ ತಂದ ಒಂದು ಮೆಮೊರಿ ಪಟ್ಟಿ, ಮುಚ್ಚಿಹೋದ ಟೈಪಿಂಗ್ ಕ್ಲಾಸಿನ ಮಾನಿಟರು — ಅದರಲ್ಲಿ ಜಗತ್ತೆಲ್ಲ ಹಳದಿಯಾಗಿಯೇ ಕಾಣುತ್ತಿತ್ತು — ಯಾರೋ ಬೇಡವೆಂದು ಕೊಟ್ಟ ಗ್ರಾಫಿಕ್ಸ್ ಕಾರ್ಡು. ಡಬ್ಬಿಯ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಕೆಂಪು. ವರ್ಷಗಟ್ಟಲೆ ಕೂತ ಮೆಣಸಿನಕಾಯಿ ಧೂಳು. ಸೈಕಲ್ ಪಂಪಿನಿಂದ ಊದಿದ್ದೇ ತಪ್ಪಾಯಿತು. ಇಬ್ಬರೂ ಸೀನುತ್ತ, ಕಣ್ಣೀರು ಸುರಿಸುತ್ತ ಅಂಗಳಕ್ಕೆ ಓಡಿದೆವು. ಅಡುಗೆಮನೆಯಿಂದ ಅವ್ವ ಕೆಮ್ಮುತ್ತ ಕೂಗಿದಳು, "ಏನ್ರೇ ಅದು, ಕಂಪ್ಯೂಟರಿಗೆ ಒಗ್ಗರಣಿ ಹಾಕೀರೇನ?"

ಪುಸ್ತಕ ಓದಿ, ಯಾವ ವೈರು ಎಲ್ಲಿಗೆ ಎಂದು ಬರೆದುಕೊಂಡು ಜೋಡಿಸಿದವಳು ನಾನು. ಆದರೆ ಅದು ಜಪ್ಪಯ್ಯ ಎಂದರೂ ಚಾಲೂ ಆಗಲಿಲ್ಲ. ಗಿರಿಜಾ ಮೆಮೊರಿ ಪಟ್ಟಿ ಹೊರಗೆ ತೆಗೆದಳು, ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದಳು, ಮತ್ತೆ ಕೂಡಿಸಿ ಸ್ವಿಚ್ ಒತ್ತಿದಳು. ಫ್ಯಾನು ಗುಂಯ್ ಎಂದಿತು. ಬಾಗಿಲಲ್ಲಿ ನಿಂತಿದ್ದ ಅವ್ವ, "ಗಿರಿಜಾನ ಕೈಗುಣ ನೋಡವಾ!" ಅಂದಳು.

ಗಿರಿಜಾಳ ಮನೆಯಲ್ಲೂ ಹಾಗೇ. ಹಂಗಾಮಿನ ಮೊದಲ ಚೀಲಕ್ಕೆ ಮಾವ ಅವಳಿಂದಲೇ ಕುಂಕುಮ ಹಚ್ಚಿಸುತ್ತಿದ್ದ. ಓಣಿಯಲ್ಲಿ ಯಾರೇ ಹೊಸ ಒಲೆ ತಂದರೂ ಹೊತ್ತಿಸಲು ಅವಳನ್ನೇ ಕರೆಯುತ್ತಿದ್ದರು. ನಮ್ಮ ಕಂಪ್ಯೂಟರಿಗೂ ಅದೇ ಪದ್ಧತಿಯಾಯಿತು. ನಾನು ಸ್ವಿಚ್ಚಿಗೆ ಕೈ ಹಾಕಿದರೆ ಸಾಕು, "ತಡಿ, ಗಿರಿಜಾ ಬರ್ಲಿ" ಎನ್ನುವಳು ಅವ್ವ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಓದಿದವಳು ನಾನು, ಬೆರಳು ಕೊಯ್ದುಕೊಂಡವಳು ನಾನು — ಹೆಸರು ಮಾತ್ರ ಅವಳ ಕೈಗೆ.

ಆದರೂ ಆ ಮಧ್ಯಾಹ್ನಗಳು... ಒಂದೇ ಕೀಬೋರ್ಡಿಗೆ ಇಬ್ಬರು. ಕಾರು ತಿರುಗಿಸುವುದು ಅವಳು, ವೇಗ ಮತ್ತು ಬ್ರೇಕು ನಾನು. ಹಳೆಯ ಯಂತ್ರಕ್ಕೆ ಶಕ್ತಿ ಸಾಲದೆ, ರಸ್ತೆಬದಿಯ ಮರಗಳು ನಾವು ಹತ್ತಿರ ಹೋದ ಮೇಲೆ ಥಟ್ಟನೆ ಹುಟ್ಟಿಕೊಳ್ಳುತ್ತಿದ್ದವು. "ಬ್ರೇಕ್ ಹಿಡಿ, ಬ್ರೇಕ್! ಗ್ವಾಡಿಗೆ ಹೊಡಸ್ತಿ ನೋಡು!" ಎಂದು ಅವಳು ಚೀರುವಳು, ನಾನು ಬೇಕಂತಲೇ ಹಿಡಿಯುತ್ತಿರಲಿಲ್ಲ. ಗೋಡೆಗೆ ಬಡಿದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅಷ್ಟು ಹತ್ತಿರ, ಅಷ್ಟು ನಿಶ್ಚಿಂತೆಯಿಂದ, ಆಮೇಲೆ ನಾನು ಯಾರ ಪಕ್ಕದಲ್ಲೂ ಕೂತಿಲ್ಲ.

ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯವರು ಗಿರಿಜಾಳನ್ನು ಕೆಲಸಕ್ಕೆ ಕರೆದರು. ಅವ್ವನೇ ಅವರ ಮುಂದೆ ಹೊಗಳಿದ್ದಳು. ನನ್ನನ್ನು ಕೇಳಲಿಲ್ಲ. ಗಿರಿಜಾ ಕುಣಿದಾಡಿದಳು. ನಾನು ನಕ್ಕೆ — ಒಳಗೆ ಏನಾಯಿತೋ.

ಎರಡು ದಿನದ ನಂತರ, ಅವ್ವ ಸಂತೆಗೆ ಹೋದಾಗ, ಒಬ್ಬಳೇ ಡಬ್ಬಿ ಬಿಚ್ಚಿದೆ. ಪ್ರೊಸೆಸರಿನ ಕಾವು ಹೀರಲು ಅದರ ಮೇಲೆ ಲೋಹದ ಒಂದು ಗಟ್ಟಿ, ಗಟ್ಟಿಯ ಮೇಲೆ ಫ್ಯಾನು ಇರುತ್ತವೆ. ಗಟ್ಟಿಯ ಸಂದಿಗಳಲ್ಲಿ ಕೆಂಪು ಧೂಳು ಇನ್ನೂ ಇತ್ತು. ತೆಗೆದು ತೊಳೆದು ಒರೆಸಿದೆ. ಮತ್ತೆ ಕೂಡಿಸುವಾಗ, ಗಟ್ಟಿಯನ್ನು ಪ್ರೊಸೆಸರಿಗೆ ಒತ್ತಿಹಿಡಿಯುವ ಕ್ಲಿಪ್ಪು ಒಂದು ಕಡೆ ಹಿಡಿಯಿತು, ಇನ್ನೊಂದು ಕಡೆ ಹಿಡಿಯಲಿಲ್ಲ. ಬೆರಳಿಗೆ ಅದು ಗೊತ್ತಾಗಿತ್ತು. "ಇರಲಿ" ಅಂದುಕೊಂಡೆ. ಗಿರಿಜಾ ಇಲ್ಲದೆಯೂ ಇದು ನಡೆಯುತ್ತದೆಂದು ತೋರಿಸುವ ಹಟ. ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು, ಸುಟ್ಟ ವಾಸನೆ ಬಂತು, ಮುಗಿಯಿತು.

ಅಳಲಿಲ್ಲ ನಾನು. ಸ್ಕ್ರೂ ಬಿಗಿದೆ, ಮೇಲೆ ಬಟ್ಟೆ ಹೊದಿಸಿದೆ, ವಾಸನೆ ಹೋಗಲೆಂದು ಊದಿನಕಡ್ಡಿ ಹಚ್ಚಿದೆ. ಇದನ್ನೆಲ್ಲ ಎಷ್ಟು ನೆಟ್ಟಗೆ ಮಾಡಿದೆನಲ್ಲ!

ಗಿರಿಜಾ ಬಂದಳು. ಮೂಗರಳಿಸಿ, "ಊದಿನಕಡ್ಡಿ ಯಾಕ ಇವತ್ತ?" ಎಂದು ಕೇಳಿದಳು.

"ಅವ್ವ ಹಚ್ಯಾಳ. ಬಾ, ನೀನ ಒತ್ತು."

ಒತ್ತಿದಳು. ಮತ್ತೆ ಒತ್ತಿದಳು. ರಬ್ಬರು ತಂದು ಪಟ್ಟಿ ತಿಕ್ಕಿದಳು, ಒತ್ತಿದಳು. ಆಗ ನಾನು ಆ ಮಾತು ಆಡಿದೆ: "ಏನ್ ಮಾಡಿದಿ ಗಿರಿಜಾ? ಮುಂಜಾನಿ ತನಕ ಛಲೋ ಇತ್ತಲ್ಲ! ನಿನ್ನ ಕೈಗೆ ಏನಾಗೇತಿ?"

ಸಂತೆಯಿಂದ ಬಂದ ಅವ್ವ, ಚೀಲ ಕೈಯಲ್ಲಿ ಹಿಡಿದೇ, "ಅಯ್ಯ ಶಿವನ, ಗಿರಿಜಾನ ಕೈಯಾಗ ಹಿಂಗಾತೇನ?" ಅಂದಳು. ಗಿರಿಜಾ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

ಮರುವಾರ ಅವಳು ಅಂಗಡಿಯವರಿಗೆ ಬರುವುದಿಲ್ಲವೆಂದು ಹೇಳಿದಳು. "ಮಂದಿ ಮಷಿನ್ ಮುಟ್ಟಿ ಕೆಡಸೂದು ಬ್ಯಾಡ ಬಿಡು" — ನನಗೆ ಇಷ್ಟೇ ಹೇಳಿದ್ದು. ಆ ಕೆಲಸಕ್ಕೆ ನಾನು ಸೇರಿದೆ. ಹೌದು, ನಾನೇ. ಅಲ್ಲಿ ಕಲಿತದ್ದರ ಮೇಲೆಯೇ ಇವತ್ತು ಹಾವೇರಿಯಲ್ಲಿ ನನ್ನದೇ ರಿಪೇರಿ ಅಂಗಡಿ ಇದೆ. ಗಿರಿಜಾ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ನಾನು ಕರೆಯಲೂ ಇಲ್ಲ.

ಹೋದ ತಿಂಗಳು ಹಾವೇರಿಯಲ್ಲಿ ಹಳೆಯ ಗೆಳತಿಯೊಬ್ಬಳ ಮನೆಯ ಗೃಹಪ್ರವೇಶ. ಗಿರಿಜಾ ಬಂದಿದ್ದಳು. ಹಾಲು ಉಕ್ಕಿಸಲು ಒಲೆ ಹಚ್ಚಬೇಕಿತ್ತು. ಹಿರಿಯಳೊಬ್ಬಳು ಅವಳಿಗೆ, "ಬಾ ತಂಗಿ, ನೀ ಹಚ್ಚು" ಅಂದಳು. ಗಿರಿಜಾ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಬ್ಯಾಡ್ರಿ ಅಮ್ಮಾರ, ನನ್ನ ಕೈ ಛಲೋ ಇಲ್ರಿ." ನಗುತ್ತಲೇ ಅಂದಳು. ಚೇಷ್ಟೆಯಲ್ಲ ಅದು. ನನಗೆ ಅದು ಗೊತ್ತು. ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಕಡ್ಡಿಪೆಟ್ಟಿಗೆ ನನ್ನ ಕೈಗೆ ಬಂತು. ನಾನು ಹಚ್ಚಿದೆ. ಹಾಲು ಚೆಂದಾಗಿ ಉಕ್ಕಿತು. "ಛಲೋ ಕೈ ನಿಂದು" ಅಂದರು ಎಲ್ಲರೂ. ಗಿರಿಜಾನೂ ಅಂದಳು.

ಗಿರಿಜಾ, ಇದನ್ನು ಓದುವ ಮೊದಲೇ ನಾನು ನಿನ್ನ ಬ್ಯಾಡಗಿ ಮನೆಯ ಬಾಗಿಲಿಗೆ ಬಂದಿರುತ್ತೇನೆ. ಇಷ್ಟು ದಿನ ಅಂಗಡಿಗೆ ಬಂದ ಗುಜರಿಯಲ್ಲಿ ಹುಡುಕಿ ಹುಡುಕಿ, ಅಂಥದೇ ಹಳೆಯ ಬೋರ್ಡು, ಅಂಥದೇ ಕಾರ್ಡು ಕೂಡಿಸಿದ್ದೇನೆ. ಆ ಗೇಮೂ ಸಿಕ್ಕಿದೆ. ಕ್ಲಿಪ್ಪು ಎರಡೂ ಕಡೆ ಹಿಡಿದಿದೆ, ಮೂರು ಸಲ ನೋಡಿದ್ದೇನೆ. ಸ್ವಿಚ್ ಮಾತ್ರ ಒಮ್ಮೆಯೂ ಒತ್ತಿಲ್ಲ. ಮೊದಲು ಇದೆಲ್ಲ ನಿನ್ನ ಮುಖ ನೋಡಿ ಹೇಳುತ್ತೇನೆ. ಆಮೇಲೆ ಒತ್ತುವುದು, ಬಿಡುವುದು, ನನ್ನನ್ನು ಹೊರಗೆ ಕಳಿಸುವುದು ನಿನಗೆ ಬಿಟ್ಟದ್ದು. ನೀನು ಒತ್ತಿದ ಮೇಲೂ ಅದು ಚಾಲೂ ಆಗದಿದ್ದರೆ — ಜೋಡಿಸಿದವಳು ನಾನು.